ತಂಬೂರಿಗೆ ಸೇರುವ ಆಟಿಕೆ ಕೀಬೋರ್ಡ್: ಪುಟ್ಟ ಸಿಂಥಸೈಜರನ್ನು ಮನೆಯಲ್ಲೇ ಬದಲಿಸುವ ಬಗೆ

ಅಮ್ಮ ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಾರೆ. ಬೆಂಗಳೂರಿನ ಹನುಮಂತನಗರದ ನಮ್ಮ ನಡುಮನೆಯೇ ಪಾಠಶಾಲೆ. ಹೋದ ವರ್ಷ ಒಂದು ಹುಡುಗಿ ಹುಟ್ಟುಹಬ್ಬಕ್ಕೆ ಬಂದ ಆಟಿಕೆ ಕೀಬೋರ್ಡನ್ನು ಎದೆಗವುಚಿಕೊಂಡು ಪಾಠಕ್ಕೆ ಬಂದಳು. ಎಲೆಕ್ಟ್ರಾನಿಕ್ ತಂಬೂರಿ ಒಂದು ಷಡ್ಜ ನುಡಿಯುತ್ತಿತ್ತು. ಕೀಬೋರ್ಡಿನ ಷಡ್ಜ ಅದರ ಪಕ್ಕದಲ್ಲೇ ಇತ್ತು, ಆದರೆ ಅದಾಗಿರಲಿಲ್ಲ. ಎರಡೂ ಸೇರಿದಾಗ ಕಿವಿಯಲ್ಲಿ ಗುಂಯ್ ಗುಂಯ್ ಎನ್ನುವ ಅಲೆ ಏಳುತ್ತಿತ್ತು. ತಂಬೂರಿಯನ್ನೇ ತಿರುಗಿಸಿ ಕೀಬೋರ್ಡಿಗೆ ಸೇರಿಸಬಹುದಿತ್ತು, ಅಮ್ಮ ಒಪ್ಪಲಿಲ್ಲ. ಶ್ರುತಿ ಹಾಡುವವರ ಕಂಠಕ್ಕೆ ತಕ್ಕಂತೆ ಇರಬೇಕೇ ಹೊರತು ಪ್ಲಾಸ್ಟಿಕ್ ಡಬ್ಬಿಗೆ ತಕ್ಕಂತೆ ಅಲ್ಲ ಎಂದರು. ಆ ಮಾತು ನನಗೂ ಸರಿ ಎನಿಸಿತು.

ಆ ಕೀಬೋರ್ಡಿಗೆ ಶ್ರುತಿ ಹೊಂದಿಸುವ ಗುಂಡಿ ಕೂಡಿಸಲು ನಾಲ್ಕು ತಿಂಗಳು ಹಿಡಿಯಿತು. ಈ ನಡುವೆ ಒಂದು ಬೋರ್ಡು ಪೂರ್ತಿ ಸತ್ತಿತು, ಇನ್ನೊಂದು ಎರಡು ಬಾರಿ ಸತ್ತು ಬದುಕಿತು. ಎಡವಿದ ಜಾಗಗಳನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಕೆಲಸ ಕೈಬಿಡುವವರಲ್ಲಿ ಹೆಚ್ಚಿನವರು ಮೊದಲ ಎಡವಿನಲ್ಲೇ ಕೈಬಿಡುತ್ತಾರೆ.

ಇಂಥ ಮಾರ್ಪಾಡಿಗೆ ಸರ್ಕ್ಯೂಟ್ ಬೆಂಡಿಂಗ್ ಎಂಬ ಹೆಸರಿದೆ. ಹೆಸರಿಟ್ಟವರು ಅಮೆರಿಕದ ರೀಡ್ ಗಜಾಲಾ. 1960ರ ದಶಕದಲ್ಲಿ ಅವರ ಮೇಜಿನ ಲೋಹದ ಡ್ರಾಯರಿನಲ್ಲಿ, ಹಿಂಬದಿ ಕಳಚಿದ್ದ ಒಂದು ಪುಟ್ಟ ಆಂಪ್ಲಿಫೈಯರ್ ಡ್ರಾಯರಿನ ಲೋಹಕ್ಕೆ ತಾಗಿ ಶಾರ್ಟ್ ಆಯಿತು, ವಿಚಿತ್ರ ಸ್ವರಗಳನ್ನು ಹೊರಡಿಸಿತು. ಈ ಹವ್ಯಾಸ ಶುರುವಾದದ್ದೇ ಒಂದು ಅಚಾತುರ್ಯದಿಂದ.

ಯಾವುದನ್ನು ಬಿಚ್ಚುವುದು

ಬ್ಯಾಟರಿಯಲ್ಲಿ ನಡೆಯುವ ಉಪಕರಣವನ್ನು ಮಾತ್ರ ಬಿಚ್ಚಿ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ ಯಾವುದನ್ನೂ ಮುಟ್ಟಬೇಡಿ, ಆರಿಸಿಟ್ಟಿದ್ದರೂ ಬೇಡ. ಮೂರು ಪೆನ್‌ಟಾರ್ಚ್ ಸೆಲ್ ಹಾಕುವ ಆಟಿಕೆಯಲ್ಲಿ ಇರುವುದು 4.5 ವೋಲ್ಟ್. ಕೈಗೆ ಅಪಾಯವಿಲ್ಲ, ತಪ್ಪಾದರೆ ಹೋಗುವುದು ಆಟಿಕೆ ಮಾತ್ರ.

ನನ್ನ ಮುಖ್ಯ ಸಲಹೆ ಇದು: ಒಂದೇ ಮಾದರಿಯ ಎರಡು ಕೊಳ್ಳಿ. ಮಗುವಿನ ಕೀಬೋರ್ಡನ್ನು ನಾನು ಕೊನೆಯವರೆಗೂ ಮುಟ್ಟಲಿಲ್ಲ. ಅದೇ ಮಾದರಿಯ ಎರಡನ್ನು ಹುಡುಕಿ ತಂದೆ. ಒಂದನ್ನು ಕೊಯ್ಯುವುದು, ಇನ್ನೊಂದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುವುದು. ಕೊಯ್ದದ್ದು ಮಾತು ನಿಲ್ಲಿಸಿದಾಗ ಈ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕಿತ್ತು ಎಂದು ಕೇಳಲು ಬೇರೆ ಯಾರೂ ಇರುವುದಿಲ್ಲ. ಆಟಿಕೆಗಳಿಗೆ ನಕ್ಷೆ ಸಿಗುವುದಿಲ್ಲ, ಕೆಡದ ಜೋಡಿಯೇ ನಕ್ಷೆ. ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ಕೂರುವ ಹಳೆ ಸಾಮಾನಿನ ಸಂತೆಯಲ್ಲಿ ಇಂಥವು ಆಗಾಗ ಸಿಗುತ್ತವೆ. ಬೇಗ ಹೋಗಿ, ಜೇಬಿನಲ್ಲಿ ಸೆಲ್ ಇಟ್ಟುಕೊಂಡು ಹೋಗಿ, ಹಾಕಿ ನುಡಿಸಿ ನೋಡಿಯೇ ಕೊಳ್ಳಿ.

ಸಾಮಾನು

ಉಳಿದದ್ದೆಲ್ಲ ಟೌನ್ ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಬಂದು ಚಿಕ್ಕಪೇಟೆಯಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಬೇಡ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೇಕಾದದ್ದನ್ನು ಚೀಟಿಯಲ್ಲಿ ಬೆಲೆಯ ಸಮೇತ, ಅಂದರೆ ಓಮ್ ಮತ್ತು ಮೈಕ್ರೋಫ್ಯಾರಡ್ ಸಮೇತ, ಬರೆದುಕೊಂಡು ಹೋಗಿ. ಕೌಂಟರಿನಲ್ಲಿ ಜನ ಮುಗಿಬಿದ್ದಿರುತ್ತಾರೆ, ಯೋಚಿಸಲು ಹೊತ್ತು ಸಿಗುವುದಿಲ್ಲ.

25 ವಾಟ್ ಸೋಲ್ಡರಿಂಗ್ ಐರನ್, ಒಳಗೆ ರಾಳವಿರುವ 60/40 ಸೋಲ್ಡರ್ ತಂತಿ, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್, ಸೋಲ್ಡರ್ ಹೀರುವ ತಾಮ್ರದ ಜಾಲರಿ ಪಟ್ಟಿ, ಎರಡು ಬಿಂದುಗಳ ನಡುವೆ ಜೋಡಣೆ ಇದ್ದರೆ ಕೂಗುವ ಬಜರ್ ಇರುವ ಮಲ್ಟಿಮೀಟರ್, ಎರಡೂ ತುದಿಗೆ ಕ್ಲಿಪ್ ಇರುವ ತಂತಿ ಅರ್ಧ ಡಜನ್, ಹಲವು ಎಳೆಯ ಸಣ್ಣ ವೈರು, ಹೀಟ್ ಶ್ರಿಂಕ್ ಸ್ಲೀವ್, ಹಾಟ್ ಗ್ಲೂ ಗನ್. ಮಲ್ಟಿಮೀಟರ್ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಐರನ್ ಸುಮಾರಾಗಿದ್ದರೂ ಕೆಲಸ ಸಾಗುತ್ತದೆ, ಮೀಟರ್ ಸುಳ್ಳು ಹೇಳಿದರೆ ಇಡೀ ವಾರ ವ್ಯರ್ಥ.

ತಿರುಗಿಸಿದಂತೆ ವಿದ್ಯುತ್ತಿನ ತಡೆ ಬದಲಾಗುವ ಗುಂಡಿಗೆ ಅಂಗಡಿಯಲ್ಲಿ ಪಾಟ್ ಎನ್ನುತ್ತಾರೆ. ಸಾಮಾನ್ಯವಾಗಿ ಸಿಗುವವುಗಳ ಮೇಲೆ ಬಿ100ಕೆ ಎಂದಿದ್ದರೆ ತಿರುಗಿಸಿದಷ್ಟೇ ಸಮನಾಗಿ ಬದಲಾಗುವಂಥದ್ದು, ಎ100ಕೆ ಎಂದಿದ್ದರೆ ವಾಲ್ಯೂಮಿಗೆ ಇಡುವಂಥದ್ದು. ಶ್ರುತಿಗೆ ಬೇಕಿರುವುದು ಬಿ. ನಾನು ಮೊದಲ ಬಾರಿ ಎ ತಂದಿದ್ದೆ. ಗುಂಡಿಯ ಒಂದು ತುದಿಯಲ್ಲಿ ಸ್ವರ ಅಲ್ಲಾಡುತ್ತಲೇ ಇರಲಿಲ್ಲ, ಇನ್ನೊಂದು ತುದಿಯಲ್ಲಿ ಕೂದಲೆಳೆ ತಿರುಗಿಸಿದರೂ ಜಾರುತ್ತಿತ್ತು.

60/40 ಸೋಲ್ಡರಿನಲ್ಲಿ ಸೀಸವಿದೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಕಿಟಕಿ ತೆರೆದಿರಲಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿರುವ ಮನೆಯಲ್ಲಿ ಕತ್ತರಿಸಿದ ತುಣುಕುಗಳನ್ನು ಒಂದೂ ಬಿಡದೆ ಡಬ್ಬಿಗೆ ಹಾಕಿ.

ಬಿಚ್ಚುವ ದಿನ ಬೆಸುಗೆ ಬೇಡ

ಮೊದಲ ದಿನ ನೋಡುವುದು, ಫೋಟೊ ತೆಗೆಯುವುದು, ಅಳೆಯುವುದು, ಅಷ್ಟೇ. ಸ್ಕ್ರೂಗಳನ್ನು ಒಂದು ಹಾಳೆಯ ಮೇಲೆ ಅವು ಇದ್ದ ಜಾಗದಂತೆಯೇ ಜೋಡಿಸಿ, ಉದ್ದ ಗಿಡ್ಡ ಬೇರೆ ಬೇರೆ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೊಕ್ಕರೆ ಮೇಲ್ಮುಖದ ಪ್ಲಾಸ್ಟಿಕ್ ಸೀಳುತ್ತದೆ.

ಕೀಲಿಗಳ ಪಟ್ಟಿಯಿಂದ ಮುಖ್ಯ ಬೋರ್ಡಿಗೆ ಬರುವ ಚಪ್ಪಟೆ ವೈರಿನ ಪಟ್ಟಿಯೇ ಇಡೀ ಉಪಕರಣದ ಅತಿ ದುರ್ಬಲ ಭಾಗ. ಪ್ರತಿ ಸಲ ಮುಚ್ಚಿ ತೆರೆದಾಗಲೂ ಅದು ಬೆಸುಗೆಯ ಬುಡದಲ್ಲಿ ಬಾಗುತ್ತದೆ, ಏಳೆಂಟು ಬಾರಿಗೆ ತುಂಡಾಗುತ್ತದೆ. ಆಗ ಎಲ್ಲ ಮ, ಪ ಸರಿಯಿದ್ದು ನಾಲ್ಕು ಕೀಲಿ ಮಾತ್ರ ಮೂಕವಾಗುತ್ತವೆ, ನಾವು ಚಿಪ್ ಕೆಟ್ಟಿತೆಂದು ತಲೆ ಕೆಡಿಸಿಕೊಳ್ಳುತ್ತೇವೆ. ತೆರೆದ ಕೂಡಲೇ, ಬೇರೇನನ್ನೂ ಮಾಡುವ ಮೊದಲು, ಆ ಬುಡಕ್ಕೆ ಎರಡೂ ಕಡೆ ಹಾಟ್ ಗ್ಲೂ ಹನಿಸಿ.

ಬೋರ್ಡಿನ ಮಧ್ಯೆ ಕಪ್ಪು ಅಂಟಿನ ಒಂದು ಗುಬುಟು ಕಾಣುತ್ತದೆ. ಅದರಡಿ ಚಿಪ್ ಇದೆ, ಅದರೊಳಕ್ಕೆ ನಮಗೆ ದಾರಿಯಿಲ್ಲ. ನಮ್ಮ ಕೆಲಸವೆಲ್ಲ ಅದರ ಸುತ್ತ. ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಧನ ಮತ್ತು ಋಣ ಎಲ್ಲೆಲ್ಲಿ ಹರಡಿವೆ ಎಂದು ಹುಡುಕಿ ಕೆಂಪು, ನೀಲಿ ಮಾರ್ಕರಿನಲ್ಲಿ ಗುರುತಿಸಿ. ಕೆಂಪು ಬಿಂದುಗಳನ್ನು ಮುಂದೆಂದೂ ಬೇರೆ ಬಿಂದುವಿಗೆ ತಾಗಿಸಬೇಡಿ.

ಶ್ರುತಿ ಎಲ್ಲಿ ಕೂತಿದೆ

ಚಿಪ್ಪಿನೊಳಗೆ ಒಂದು ತಾಳವಿದೆ, ಅದಕ್ಕೆ ಕ್ಲಾಕ್ ಎನ್ನುತ್ತಾರೆ. ಅದು ಎಷ್ಟು ಬೇಗ ಬಡಿದರೆ ಅಷ್ಟು ಎತ್ತರದ ಸ್ವರ. ಅಗ್ಗದ ಆಟಿಕೆಗಳಲ್ಲಿ ಈ ವೇಗವನ್ನು ಬಹುಪಾಲು ಒಂದೇ ಒಂದು ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ, ನಿರ್ಧರಿಸುತ್ತದೆ. ಅದನ್ನು ಹುಡುಕುವುದು ಬಲು ಸೊಗಸಾದ ಕೆಲಸ. ಸೆಲ್ ಹಾಕಿ, ಒಳಗಿರುವ ಡೆಮೊ ಹಾಡನ್ನು ಹಚ್ಚಿ, ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಕಪ್ಪು ಗುಬುಟಿನ ಸುತ್ತಲ ರೆಸಿಸ್ಟರುಗಳ ಎರಡೂ ಕಾಲುಗಳಿಗೆ ಒಂದೊಂದಾಗಿ ತಾಗಿಸುತ್ತ ಹೋಗಿ. ಒಂದು ಕಡೆ ಹಾಡು ತಟ್ಟನೆ ಮೇಲಕ್ಕೆ ಜಾರುತ್ತದೆ. ಬೆರಳು ಒತ್ತಿದಷ್ಟೂ ಮೇಲೇರುತ್ತದೆ, ಎತ್ತಿದರೆ ಮೊದಲ ಜಾಗಕ್ಕೆ ಇಳಿಯುತ್ತದೆ. ಆ ಒದ್ದೆ ಚರ್ಮವೇ ರೆಸಿಸ್ಟರಿನ ಪಕ್ಕದಲ್ಲಿ ಇನ್ನೊಂದು ರೆಸಿಸ್ಟರಾಗಿ, ಒಟ್ಟು ತಡೆಯನ್ನು ಇಳಿಸಿದೆ. ನನ್ನ ಬೆರಳ ತುದಿಯಲ್ಲಿ ಗಮಕ ಹುಟ್ಟಿದ ಆ ರಾತ್ರಿ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಬೆರಳಿಗೆ ಏನೂ ಬದಲಾಗದಿದ್ದರೆ, ಮೇಲೆ 4.00 ಎಂಬಂಥ ಅಂಕಿ ಇರುವ ಎರಡು ಅಥವಾ ಮೂರು ಕಾಲಿನ ಬಿಲ್ಲೆ ಇದೆಯೇ ನೋಡಿ. ಅದು ರೆಸೊನೇಟರ್, ಅದರ ವೇಗ ರೆಸಿಸ್ಟರಿಗೆ ಬಗ್ಗುವುದಿಲ್ಲ. ಅಂಥವಕ್ಕೆ ಎಲ್‌ಟಿಸಿ1799 ಎಂಬ ಚಿಪ್ಪನ್ನು ಬದಲಿ ಕ್ಲಾಕ್ ಆಗಿ ಕೊಡುವುದು ರೂಢಿ. ಒಂದು ರೆಸಿಸ್ಟರ್ ಬದಲಿಸಿ 1 ಕಿಲೋಹರ್ಟ್ಸ್‌ನಿಂದ 33 ಮೆಗಾಹರ್ಟ್ಸ್‌ವರೆಗೆ ಅದನ್ನು ಓಡಿಸಬಹುದು. ಆದರೆ ಅದು ಅಕ್ಕಿಕಾಳಿಗಿಂತ ಚಿಕ್ಕದು, 5.5 ವೋಲ್ಟ್ ದಾಟಬಾರದು. ಮೊದಲ ಪ್ರಯತ್ನಕ್ಕೆ ಅದು ಬೇಡ, ರೆಸಿಸ್ಟರ್ ಇರುವ ಆಟಿಕೆಯನ್ನೇ ಹುಡುಕಿ.

ಬಿರಡೆ ಮತ್ತು ಮಣಿ

ನನ್ನ ಬೋರ್ಡಿನಲ್ಲಿದ್ದದ್ದು 220 ಕಿಲೋಓಮ್. ಅದನ್ನು ತೆಗೆದು ದೊಡ್ಡ ಪಾಟ್ ಹಾಕಿದರೆ ಸಾಕೆಂದು ಹೊರಟವನು ನಾನು. ಹಾಗೆ ಮಾಡಿದರೆ ಆಟಿಕೆ ಇಲಿಯಂತೆ ಕೀಚಲು ಹತ್ತುತ್ತದೆ, ಗುಂಡಿ ಸೊನ್ನೆಗೆ ಬಂದಾಗ ಚಿಪ್ ತತ್ತರಿಸಿ ನಿಂತೇ ಹೋಗುತ್ತದೆ. ಶ್ರುತಿ ಸೇರಿಸಲು ಇಷ್ಟು ಹರವು ಬೇಡ.

ಲೆಕ್ಕ ಹೀಗಿದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ವೇಗ ಸುಮಾರು ಶೇ 6ರಷ್ಟು ಹೆಚ್ಚಬೇಕು. ತಡೆ ಇಳಿದಂತೆ ವೇಗ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. 180 ಕಿಲೋಓಮಿನ ಸ್ಥಿರ ರೆಸಿಸ್ಟರಿನ ಜೊತೆಗೆ ಸಾಲಾಗಿ 100 ಕಿಲೋಓಮ್ ಪಾಟ್ ಇಟ್ಟರೆ ಒಟ್ಟು ತಡೆ 180ರಿಂದ 280ರವರೆಗೆ ಓಡಾಡುತ್ತದೆ. ಅಂದರೆ ಮೂಲ ಸ್ವರದಿಂದ ಮೇಲಕ್ಕೆ ಸುಮಾರು ಮೂರೂವರೆ ಸ್ವರಸ್ಥಾನ, ಕೆಳಕ್ಕೆ ಸುಮಾರು ನಾಲ್ಕು. ಸ್ಥಿರ ರೆಸಿಸ್ಟರ್ ಕಾವಲುಗಾರನಂತೆ ನಿಂತಿರುವುದರಿಂದ ಗುಂಡಿ ಪೂರ್ತಿ ತಿರುಗಿದರೂ ಚಿಪ್ ನಿಲ್ಲುವುದಿಲ್ಲ.

ಇಷ್ಟಾದರೂ ಅಮ್ಮನಿಗೆ ತೃಪ್ತಿಯಾಗಲಿಲ್ಲ. ಗುಂಡಿಯನ್ನು ತಿರುಗಿಸಿದರೆ ಒಂದು ಕೂದಲು ಹೆಚ್ಚು, ಹಿಂದಕ್ಕೆ ತಂದರೆ ಒಂದು ಕೂದಲು ಕಡಿಮೆ. ಆಗ ಅವರೇ ಕೇಳಿದರು: “ತಂಬೂರಿಗೆ ಬಿರಡೆ ಒಂದೇ ಇದೆಯೇನು? ಮಣಿ ಎಲ್ಲಿ?” ಬಿರಡೆ ತಂತಿಯನ್ನು ಬಿಗಿದು ಶ್ರುತಿಯನ್ನು ಹತ್ತಿರಕ್ಕೆ ತರುತ್ತದೆ, ತಂತಿಯ ಮೇಲಿನ ಮಣಿ ಅದನ್ನು ನವಿರಾಗಿ ಸೇರಿಸುತ್ತದೆ. ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು. ಅದೇ ಸಾಲಿನಲ್ಲಿ 10 ಕಿಲೋಓಮಿನ ಇನ್ನೊಂದು ಪಾಟ್ ಸೇರಿಸಿದೆ. ಅದನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಒಂದು ಸ್ವರಸ್ಥಾನಕ್ಕಿಂತ ಕಡಿಮೆ ಬದಲಾವಣೆ. ದೊಡ್ಡ ಗುಂಡಿ ಬಿರಡೆ, ಚಿಕ್ಕದು ಮಣಿ. ಗುಂಯ್ ಗುಂಯ್ ಅಲೆ ನಿಧಾನವಾಗುತ್ತ ಬಂದು ಕೊನೆಗೆ ಅಳಿಸಿಹೋಗುವುದನ್ನು ಈಗ ಎಂಟು ವರ್ಷದ ಮಗುವೂ ಕೇಳಿ ಹಿಡಿಯುತ್ತದೆ.

ಜೋಡಿಸುವಾಗ ಮೊದಲು ಎಲ್ಲವನ್ನೂ ಕ್ಲಿಪ್ ತಂತಿಗಳಲ್ಲಿ ಸಿಕ್ಕಿಸಿ ನುಡಿಸಿ ನೋಡಿ, ಬೆಸುಗೆ ಆಮೇಲೆ. ಕ್ಲಾಕಿನ ವೈರು ಒಂದು ಗೇಣಿಗಿಂತ ಉದ್ದ ಬೇಡ, ಉದ್ದವಾದಷ್ಟೂ ಸ್ವರ ಅಸ್ಥಿರವಾಗುತ್ತದೆ, ಕೈ ಹತ್ತಿರ ಬಂದರೂ ಅಲುಗುತ್ತದೆ.

ತಾಮ್ರ ಎದ್ದು ಬಂದಾಗ

ಹಳೆಯ ರೆಸಿಸ್ಟರಿನ ಒಂದು ಕಾಲನ್ನು ಮಾತ್ರ ಬಿಡಿಸಿದರೆ ಸಾಕು, ಇನ್ನೊಂದು ಬೋರ್ಡಿನಲ್ಲೇ ಇರಲಿ. ಬೇಡವೆನಿಸಿದರೆ ಮತ್ತೆ ಬೆಸೆದು ಮೊದಲಿನಂತೆ ಮಾಡಬಹುದು. ಬಿಡಿಸುವಾಗ ಹಳೆಯ ಬೆಸುಗೆಯ ಮೇಲೆ ಮೊದಲು ಸ್ವಲ್ಪ ಹೊಸ ಸೋಲ್ಡರ್ ಹಾಕಿ. ತೆಗೆಯಬೇಕಾದಲ್ಲಿ ಇನ್ನಷ್ಟು ಹಾಕುವುದು ತಿರುಗುಮುರುಗಾಗಿ ಕಂಡರೂ, ಹೊಸದರೊಂದಿಗೆ ಹಳೆಯದೂ ಬೇಗ ಕರಗುತ್ತದೆ. ಐರನ್ ತಾಗಿಸುವುದು ಎರಡು ಮೂರು ಸೆಕೆಂಡ್. ಬಿಡದಿದ್ದರೆ ತೆಗೆದು, ಆರಲು ಬಿಟ್ಟು, ಮತ್ತೆ ಹಚ್ಚಿ.

ನಾನು ಆರಲು ಬಿಡಲಿಲ್ಲ. ಅಂದು ರಾತ್ರಿ ಹತ್ತೂವರೆ, ನಿದ್ದೆ ಬರುತ್ತಿತ್ತು, ಇದೊಂದು ಮುಗಿಸಿ ಮಲಗೋಣ ಎಂದುಕೊಂಡೆ. ಐರನ್ ಒತ್ತಿ ಹಿಡಿದೇ ಕಾಲನ್ನು ಎಳೆದೆ. ರೆಸಿಸ್ಟರಿನ ಜೊತೆಗೆ ತಾಮ್ರದ ಪುಟ್ಟ ವೃತ್ತ, ಅದಕ್ಕೆ ಅಂಟಿದ ಗೆರೆಯ ತುಣುಕು, ಗಾಯದ ಹಕ್ಕಳೆ ಕಿತ್ತಂತೆ ಎದ್ದು ಬಂದವು. ಕೆಳಗೆ ಕಂದು ಬಣ್ಣದ ಬರಿಯ ಬೋರ್ಡು. ಕೀಬೋರ್ಡ್ ಮೌನ.

ಇದಕ್ಕೆ ಮದ್ದಿದೆ. ಉಳಿದ ತಾಮ್ರದ ಗೆರೆ ಚಿಪ್ಪಿನತ್ತ ಹೋಗುವ ದಾರಿಯಲ್ಲಿ ಮೇಲಿನ ಹಸಿರು ಪದರವನ್ನು ಬ್ಲೇಡಿನ ತುದಿಯಿಂದ, ಒತ್ತದೆ, ಕೆರೆಯಿರಿ. ಅರ್ಧ ಅಂಗುಲಕ್ಕಿಂತ ಕಡಿಮೆ ಸಾಕು. ತಾಮ್ರ ಗುಲಾಬಿ ಹೊಳಪಿನಲ್ಲಿ ಕಂಡಾಗ ಫ್ಲಕ್ಸ್ ಹಚ್ಚಿ, ತೆಳುವಾಗಿ ಸೋಲ್ಡರ್ ಬಳಿಯಿರಿ. ಬಹು ಎಳೆಯ ವೈರಿನಿಂದ ಒಂದೇ ಎಳೆ ತೆಗೆದು ಆ ಗೆರೆಯ ಮೇಲೆ ಮಲಗಿಸಿ ಬೆಸೆಯಿರಿ. ಬಜರಿನಲ್ಲಿ ಪರೀಕ್ಷಿಸಿ, ಕೂಗಿದರೆ ಎಳೆಯ ಮೇಲೆ ಒಂದು ಹನಿ ಅಂಟು ಹಾಕಿ. ನನ್ನ ಬೋರ್ಡಿನಲ್ಲಿ ಆ ಒಂದೆಳೆಯ ಸೇತುವೆ ಈಗಲೂ ಗಟ್ಟಿಯಾಗಿದೆ. ರಾತ್ರಿ ಹತ್ತರ ಮೇಲೆ ಐರನ್ ಬಿಸಿ ಮಾಡುವುದನ್ನು ಅಂದಿನಿಂದ ನಿಲ್ಲಿಸಿದ್ದೇನೆ.

ಸತ್ತಂತೆ ಕಂಡರೆ

ನಿಜವಾಗಿ ಸತ್ತದ್ದು ಒಂದೇ, ಅದು ಅಡಾಪ್ಟರಿನಿಂದ. ಸೆಲ್ ಮುಗಿದಿತ್ತು. ಮನೆಯ ಡ್ರಾಯರಿನಲ್ಲಿದ್ದ 9 ವೋಲ್ಟ್ ಅಡಾಪ್ಟರಿನ ಪಿನ್ ಸರಿಯಾಗಿ ಕೂತಿತು. ಸರಿಯಾಗಿ ಕೂರುವುದೆಲ್ಲ ಸರಿಯಲ್ಲ. ಕೆಲವು ಅಡಾಪ್ಟರುಗಳಲ್ಲಿ ನಡುವಿನ ಪಿನ್ ಧನ, ಕೆಲವದರಲ್ಲಿ ಋಣ. ಹಳೆಯ ಕ್ಯಾಸಿಯೊಗಳ ಅಡಾಪ್ಟರಿನಲ್ಲಿ ನಡುವಿನದು ಋಣ, ಹೊಸ ಮಾದರಿಗಳಲ್ಲಿ ಧನ, ಒಂದೇ ಕಂಪನಿಯಲ್ಲೇ ಇಷ್ಟು ವ್ಯತ್ಯಾಸ. ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಕಪ್ಪು ಗುಬುಟು ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅದರ ಮೇಲೆ, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ತೂಕದ ಅಡಾಪ್ಟರುಗಳು 9 ವೋಲ್ಟ್ ಎಂದು ಬರೆದಿದ್ದರೂ ಹೊರೆಯಿಲ್ಲದಾಗ 12ರ ಹತ್ತಿರ ಕೊಡುತ್ತವೆ. ಸಿಕ್ಕಿಸುವ ಮುಂಚೆ ಅಳೆಯಿರಿ. ಧನದ ವೈರಿನ ಸಾಲಿನಲ್ಲಿ ಒಂದು 1ಎನ್5819 ಡಯೋಡ್ ಬೆಸೆದುಬಿಟ್ಟರೆ ತಿರುಗುಮುರುಗಾದ ವಿದ್ಯುತ್ ಒಳಗೆ ಹೋಗುವುದೇ ಇಲ್ಲ. ಸಾಮಾನ್ಯ 1ಎನ್4007 ಕೂಡ ಕಾಯುತ್ತದೆ, ಆದರೆ ಅದು ಸುಮಾರು 0.7 ವೋಲ್ಟ್ ತಾನೇ ನುಂಗುತ್ತದೆ, 4.5 ವೋಲ್ಟಿನ ಆಟಿಕೆಗೆ ಅದು ದುಬಾರಿ.

ಉಳಿದ ಸಾವುಗಳು ಬಹುಪಾಲು ಮೂರ್ಛೆಗಳು. ಸೆಲ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಎದ್ದೇಳದಿದ್ದರೆ ಸೆಲ್ಲಿನ ಸ್ಪ್ರಿಂಗಿನಲ್ಲಿ ಅಳೆಯಿರಿ, ಆಮೇಲೆ ಬೋರ್ಡಿಗೆ ವೈರು ತಲುಪುವಲ್ಲಿ, ಆಮೇಲೆ ಸ್ವಿಚ್ಚಿನ ಆಚೆ ಬದಿಯಲ್ಲಿ. ಪ್ರತಿ ಅಂಕಿಯನ್ನೂ ಸಾಕ್ಷಿ ಕೀಬೋರ್ಡಿನ ಅದೇ ಬಿಂದುವಿನ ಜೊತೆ ಹೋಲಿಸಿ. ವ್ಯತ್ಯಾಸ ಮೊದಲು ಕಾಣುವ ಜಾಗದಲ್ಲೇ ತಪ್ಪಿದೆ. ಒಮ್ಮೆ ಮೂರು ಸಂಜೆ ಹುಡುಕಿದ ಮೇಲೆ ಸಿಕ್ಕಿದ್ದು ಎರಡು ಬಿಂದುಗಳ ನಡುವೆ ಸಿಕ್ಕಿಕೊಂಡಿದ್ದ, ಸಾಸಿವೆಯಷ್ಟೂ ಇಲ್ಲದ ಒಂದು ಸೋಲ್ಡರ್ ಗುಂಡು. ಅದಕ್ಕೇ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ನುಡಿಸಿ, ಬರೆದಿಟ್ಟುಕೊಂಡು, ಮುಂದಿನದಕ್ಕೆ ಹೋಗಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.

ನೆರಳಿನಿಂದ ಗಮಕ

ಕೀಬೋರ್ಡಿನಲ್ಲಿ ಗಮಕ ಬರುವುದಿಲ್ಲ ಎಂಬ ದೂರು ಹಳೆಯದು. ಕ್ಲಾಕ್ ನಮ್ಮ ಕೈಗೆ ಸಿಕ್ಕ ಮೇಲೆ ಜಾರು ಸ್ವರವೂ ಸಿಗುತ್ತದೆ. ಬೆಳಕಿಗೆ ತಡೆ ಇಳಿಸುವ ಎಲ್‌ಡಿಆರ್ ಒಂದನ್ನು 470 ಕಿಲೋಓಮ್ ರೆಸಿಸ್ಟರಿನ ಜೊತೆ ಸಾಲಾಗಿ ಸೇರಿಸಿ, ಆ ಜೋಡಿಯನ್ನು ಶ್ರುತಿಯ ಇಡೀ ಸಾಲಿಗೆ ಅಡ್ಡಲಾಗಿ ಬೆಸೆಯಿರಿ. ಕೈ ಅಡ್ಡ ಹಿಡಿದು ತೆಗೆದರೆ ಸ್ವರ ಸುಮಾರು ನಾಲ್ಕು ಸ್ವರಸ್ಥಾನಗಳ ನಡುವೆ ಜಾರುತ್ತದೆ. ಇದನ್ನು ಸೇರಿಸಿದಾಗ ಮೂಲ ಶ್ರುತಿಯೇ ಮೇಲೇರುವುದರಿಂದ ಕಡಿದುಹಾಕಲು ಒಂದು ಸ್ವಿಚ್ ಇರಲೇಬೇಕು. ನಮ್ಮ ವಿದ್ಯುತ್ ದೀಪಗಳಲ್ಲಿ ಹಲವು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಅಂಥ ಬೆಳಕಿನಲ್ಲಿ ಸ್ವರ ಸಣ್ಣಗೆ ನಡುಗುತ್ತದೆ. ಕಿಟಕಿಯ ಬೆಳಕೇ ಚೆನ್ನ.

ಧ್ವನಿ ಹೊರಗೆ

ಆಟಿಕೆಯ ಸ್ಪೀಕರ್ ಬಿಟ್ಟು ದೊಡ್ಡದಕ್ಕೆ ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಇಲ್ಲಿ ಒಂದು ಗುಂಡಿ ತೋಡಿಟ್ಟಿದೆ. ಸ್ಪೀಕರಿನ ಎರಡು ತುದಿಗಳಲ್ಲಿ ಒಂದು ಋಣವೇ ಇರಬೇಕೆಂದು ಭಾವಿಸಬೇಡಿ. ಬ್ಯಾಟರಿಯ ಋಣದಿಂದ ಎರಡೂ ತುದಿಗಳಿಗೆ ಅಳೆದು ನೋಡಿ. ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟ್ ಕಂಡರೆ ಆಂಪ್ಲಿಫೈಯರ್ ಎರಡು ಬದಿಯಿಂದಲೂ ತಳ್ಳುತ್ತಿದೆ, ಒಂದನ್ನು ಜ್ಯಾಕಿನ ಋಣಕ್ಕೆ ಸೇರಿಸಿದರೆ ಅದು ಸುಡಬಹುದು. ಒಂದರಲ್ಲಿ ಪೂರ್ತಿ ಬ್ಯಾಟರಿ ವೋಲ್ಟ್ ಕಂಡರೂ ನೇರ ಜೋಡಣೆ ಸಲ್ಲದು. ಎಲ್ಲ ಸಂದರ್ಭಕ್ಕೂ ಒಗ್ಗುವ ದಾರಿ ಎಂದರೆ 600 ಓಮಿನ, ಒಂದಕ್ಕೊಂದು ಅನುಪಾತದ ಪುಟ್ಟ ಆಡಿಯೊ ಟ್ರಾನ್ಸ್‌ಫಾರ್ಮರ್. ಸ್ಪೀಕರಿನ ಒಂದು ತುದಿಯಿಂದ 1 ಕಿಲೋಓಮ್, ಅಲ್ಲಿಂದ ಇನ್ನೊಂದು ತುದಿಗೆ 100 ಓಮ್, ಆ 100 ಓಮಿಗೆ ಅಡ್ಡಲಾಗಿ ಟ್ರಾನ್ಸ್‌ಫಾರ್ಮರಿನ ಒಂದು ಬದಿ. ಇನ್ನೊಂದು ಬದಿ ಜ್ಯಾಕಿಗೆ. ಧ್ವನಿ ಸುಮಾರು ಹನ್ನೊಂದನೇ ಒಂದು ಭಾಗಕ್ಕಿಳಿದು ಆಂಪ್ಲಿಫೈಯರಿಗೆ ಹಿತವಾಗುತ್ತದೆ.

ಇದರ ಮುಂದೆ

ಆಟಿಕೆಯಲ್ಲಿ ಕೈ ಪಳಗಿದ ಮೇಲೆ 2010ರಲ್ಲಿ ಬಂದ ಕೋರ್ಗ್ ಕಂಪನಿಯ ಮೊನೊಟ್ರಾನಿನಂಥ ನಿಜವಾದ ಅನಲಾಗ್ ಸಿಂಥಸೈಜರಿಗೆ ಹೋಗಬಹುದು. ಅಂಗೈಯಗಲದ ಪೆಟ್ಟಿಗೆ, ಎರಡು ಚಿಕ್ಕ ಸೆಲ್, ಕೀಲಿಯ ಬದಲು ಬೆರಳು ಜಾರಿಸುವ ಪಟ್ಟಿ. ನಾದದ ಬಣ್ಣ ಬದಲಿಸುವ ಅದರ ಫಿಲ್ಟರ್ ಆ ಕಂಪನಿಯ ಹಳೆಯ ಎಂಎಸ್-10, ಎಂಎಸ್-20 ಸಿಂಥಸೈಜರುಗಳಲ್ಲಿದ್ದದ್ದೇ. ಕಂಪನಿ ಅದರ ನಕ್ಷೆಯನ್ನು ತಾನೇ ಹೊರಗಿಟ್ಟಿತು, ಬೋರ್ಡಿನ ಮೇಲೆ ಪಿಚ್ (ಸ್ವರದ ಎತ್ತರ), ಗೇಟ್ (ಸ್ವರದ ಆರಂಭ, ನಿಲುಗಡೆ), ಕಟಾಫ್ (ಫಿಲ್ಟರಿನ ಗಡಿ) ಬಿಂದುಗಳಿಗೆ ಹೆಸರೂ ಬರೆದಿದೆ. ಬಿಚ್ಚುವವರನ್ನು ಇಷ್ಟು ಗೌರವದಿಂದ ಕಂಡದ್ದು ನನಗೆ ತುಂಬ ಹಿಡಿಸಿತು. ಹೊರಗಿನಿಂದ ಕೊಡುವ ವೋಲ್ಟೇಜ್ ಬ್ಯಾಟರಿಯ 3 ವೋಲ್ಟ್ ಮೀರದಿರಲಿ, ಪ್ರತಿ ಒಳದಾರಿಯಲ್ಲೂ 100 ಕಿಲೋಓಮ್ ರೆಸಿಸ್ಟರ್ ಇರಲಿ.

ಮುಚ್ಚುವ ಮುನ್ನ

ಪೆಟ್ಟಿಗೆಗೆ ತೂತು ಕೊರೆಯುವುದು ಕೊನೆಯ ಕೆಲಸ. ಪಾಟ್ ಕೂರುವ ಜಾಗದ ಹಿಂದೆ ಸ್ಪೀಕರಿನ ಅಯಸ್ಕಾಂತವೋ ಸೆಲ್ಲಿನ ಗೂಡೋ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನಾನು ಒಂದು ತೂತನ್ನು ಅಯಸ್ಕಾಂತದ ನೇರಕ್ಕೇ ಕೊರೆದಿದ್ದೆ, ಈಗ ಅಲ್ಲಿ ಸ್ಟಿಕರ್ ಅಂಟಿಸಿದೆ. ಮೇಲೆ ಕಾಗದದ ಟೇಪ್ ಹಚ್ಚಿ, 3 ಮಿಲಿಮೀಟರ್ ಬಿಟ್‌ನಿಂದ ಶುರುಮಾಡಿ 7ಕ್ಕೆ ಹಿಗ್ಗಿಸಿ. ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿ, ಬೇಗ ಓಡಿದರೆ ಪ್ಲಾಸ್ಟಿಕ್ ಕರಗಿ ಅಂಚು ಗಂಟುಕಟ್ಟುತ್ತದೆ.

ಹಿಂಬದಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ಮೂಲ ರೆಸಿಸ್ಟರ್ ಎಷ್ಟು, ಹೊಸದಾಗಿ ಹಾಕಿದ್ದು ಎಷ್ಟು, ಯಾವ ಬಣ್ಣದ ವೈರು ಎಲ್ಲಿಗೆ, ತಾರೀಖು. ಹುಡುಗಿಯ ಕೀಬೋರ್ಡಿನ ಚೀಟಿಯಲ್ಲಿ ಇನ್ನೂ ಒಂದು ಸಾಲು ಇದೆ. ಅವಳ ಶ್ರುತಿ ಐದೂವರೆ ಮನೆ, ಬಿರಡೆ ಗುಂಡಿ ಗಡಿಯಾರದ ಎರಡು ಗಂಟೆಯ ಗುರುತಿನಲ್ಲಿ, ಮಣಿ ನಡುವೆ. ಅದನ್ನು ಬರೆಸಿದವರು ಅಮ್ಮ.